ಬಚ್ಚಲಿಗೆ ಮದ್ದು ಕೊಟ್ಟ ಶ್ರೀಕರ ಮಾವ

ಅಜ್ಜಿ ತೀರಿಕೊಳ್ಳುವ ಮೊದಲು ತನ್ನ ತಲೆಯೊಳಗಿದ್ದ ಆಸ್ತಿಯನ್ನು ಎರಡು ಪಾಲು ಮಾಡಿದಳು. ಕಥೆಗಳೆಲ್ಲ ನನಗೆ ಬಂದವು. ಕಷಾಯಗಳೆಲ್ಲ ಅವಳ ಮಗ, ನನ್ನ ಸೋದರಮಾವ ಶ್ರೀಕರ ಭಟ್ಟರಿಗೆ ಹೋದವು. ಹಂಚಿಕೆಯಲ್ಲಿ ಸಣ್ಣದೊಂದು ತೊಡಕಾಯಿತು. ನಾನು ಕಥೆ ಅರ್ಧವಾಗುವಾಗ ನಿದ್ದೆ ಹೋಗುತ್ತಿದ್ದೆ. ಮಾವ ಬೇರುಗಳ ಹೆಸರು ಮುಗಿದು ಅಳತೆ ಶುರುವಾಗುವ ಹೊತ್ತಿಗೆ ಎದ್ದು ಹೋಗುತ್ತಿದ್ದ. ನನ್ನ ಅರೆಬರೆ ಕಥೆಗಳಿಂದ ಇವತ್ತಿನವರೆಗೆ ಯಾರಿಗೂ ಕೆಮ್ಮು ಬಂದಿಲ್ಲ ಎಂಬುದನ್ನು ಮಾತ್ರ ಇಲ್ಲಿ ಹೇಳಿಬಿಡುತ್ತೇನೆ.

ಮಾವ ಸಾಗರದಲ್ಲಿ ಮದುವೆ ಕಾಗದ ಅಚ್ಚು ಹಾಕುವ ಪ್ರೆಸ್ಸಿನ ಗುಮಾಸ್ತ. ಅದು ಹೊಟ್ಟೆಪಾಡು. ಮನಸ್ಸಿನಲ್ಲಿ ಅವನು ವೈದ್ಯ. ಅವನ ವೈದ್ಯಶಾಸ್ತ್ರಕ್ಕೆ ಎರಡೇ ಕಂಬ. ಮೊದಲನೆಯದು ಅನುಪಾನ, ಅಂದರೆ ಮದ್ದನ್ನು ಯಾವುದರ ಜೊತೆ ಕೊಡಬೇಕು ಎನ್ನುವುದು: ಜೇನೋ, ತುಪ್ಪವೋ, ಬಿಸಿನೀರೋ. ಒಂಟಿ ಮದ್ದು ಒಂಟಿ ಎತ್ತಿನ ಹಾಗೆ, ಪಕ್ಕಕ್ಕೆ ಇನ್ನೊಂದು ಇಲ್ಲದಿದ್ದರೆ ನೇಗಿಲು ಮುಂದೆ ಹೋಗುವುದಿಲ್ಲ ಎನ್ನುತ್ತಿದ್ದ. ಎರಡನೆಯದು ಹಬೆ. ನೆಗಡಿಯವನು ಕಂಬಳಿ ಹೊದ್ದು ಹಬೆ ತೆಗೆದುಕೊಳ್ಳುವುದಿಲ್ಲವೇ? ಹಾಗೆಯೇ ಯಾವ ಮದ್ದಿನ ಆವಿಯೂ ಹೊರಗೆ ಹೋಗಬಾರದು, ಹೋದರೆ ಸತ್ವವೂ ಹೋಯಿತು. ನಮ್ಮ ಓಣಿಯ ಜನ ಒಳ್ಳೆಯವರು. ಅವನು ಕೊಟ್ಟಿದ್ದನ್ನು ಕೈಮುಗಿದು ತೆಗೆದುಕೊಂಡು, ಲೋಟ ತೊಳೆದು ವಾಪಸು ಕೊಡುತ್ತಿದ್ದರು.

ಬಿ.ಎಡ್. ಓದಲೆಂದು ನಾನು ಅವನ ಮನೆಯಲ್ಲಿದ್ದೇನೆ. ಆ ಮನೆಯ ಬೋರ್‌ವೆಲ್ ನೀರಿನಲ್ಲಿ ಕಬ್ಬಿಣ ಜಾಸ್ತಿ. ಬಚ್ಚಲಿನ ಬಿಳಿ ಟೈಲ್ಸ್ ಮೇಲೆ ಕೆಂಪು ಕಲೆ ಕೂತು, ಯಾರೋ ಎಲೆಯಡಿಕೆಯ ಕವಳ ಉಗುಳಿದ ಹಾಗೆ ಕಾಣುತ್ತಿತ್ತು. ವೇದಾವತಿ ಅತ್ತೆ ಅಂಗಡಿಯಿಂದ ಆಸಿಡ್ ತಂದು ತಿಕ್ಕಿ ಕೈ ಸೋತಳು. ಮಾವ ಒಂದು ದಿನ ಆ ಕಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ನಾಡಿ ಹಿಡಿಯುವವನಂತೆ ಬೆರಳಿಟ್ಟು ನೋಡಿ, ಇದು ಕೊಳೆ ಅಲ್ಲ, ರೋಗ ಎಂದು ತೀರ್ಮಾನಿಸಿದ.

ಬಾವಿಗೆ ಹಾಕಲು ತಂದಿದ್ದ ಬ್ಲೀಚಿಂಗ್ ಪೌಡರ್ ಅಟ್ಟದ ಮೇಲಿತ್ತು. ಅದನ್ನು ನೀರಿನಲ್ಲಿ ಕದಡಿ, ತಿಳಿ ಬಸಿದು, ಮಜ್ಜಿಗೆ ಹುಲ್ಲಿನ ನಿಂಬೆವಾಸನೆ ಕೊಟ್ಟು, ಬಾಟಲಿಗಳಿಗೆ ತುಂಬಿ, ಪ್ರೆಸ್ಸಿನ ಹಳದಿ ಕಾಗದದಲ್ಲಿ ‘ಶುದ್ಧಿ ಮದ್ದು’ ಎಂದು ಬರೆದು ಅಂಟಿಸಿದ. ಪಕ್ಕದ ಮನೆಯ ಬೆಳ್ಳಮ್ಮನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೊದಲ ಪ್ರಯೋಗ ನಡೆಯಿತು. ಪಾಚಿ ಹಿಡಿದು ಕಪ್ಪಾಗಿದ್ದ ಕಲ್ಲು ಸಂಜೆಯೊಳಗೆ ಬೆಳ್ಳಗಾಯಿತು. ಬೆಳ್ಳಮ್ಮ ತಾನಾಗಿಯೇ ಬಂದು ಒಂದು ಬಾಟಲಿ ಕೇಳಿದರು. ಕೋಣಂದೂರಿಗೆ ಕೊಟ್ಟ ಮಗಳು ಸೌಜನ್ಯಾಳ ಮನೆಯಲ್ಲೂ ಇದೇ ಕೆಂಪು ಕಲೆಯಂತೆ. ಸತ್ಯನಾರಾಯಣ ಪೂಜೆಗೆ ನೆಂಟರು ಬರುವವರಿದ್ದಾರಂತೆ.

ಮಾವನ ಮದ್ದನ್ನು ಯಾರಾದರೂ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಅವನ ಮುಖ ದೀಪ ಹಚ್ಚಿದ ಹಾಗಾಯಿತು. ಕೇಳಿದ್ದನ್ನಷ್ಟೇ ಕೊಟ್ಟು ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಯಾವ ವೈದ್ಯ ತಾನೇ ಸುಮ್ಮನಿರುತ್ತಾನೆ?

“ಬರೀ ಇದನ್ನೇ ಹಾಕಿದ್ರೆ ಅರ್ಧ ಗುಣ ಬೆಳ್ಳಮ್ಮ,” ಎಂದ. “ಮೊದಲು ಇದು. ಅದ್ರ ಮೇಲೆ ಅಂಗಡಿ ಆಸಿಡ್ ಅನುಪಾನ. ಬಾಗ್ಲು, ಕಿಟಕಿ ಎಲ್ಲ ಹಾಕ್ಕೊಂಡು ತಿಕ್ಕೋಕೆ ಹೇಳಿ. ಆವಿ ಹೊರಗೆ ಹೋಗ್ಬಾರ್ದು.”

ಬೆಳ್ಳಮ್ಮ ಅದನ್ನು ಮಂತ್ರದ ಹಾಗೆ ಮೂರು ಸಲ ಹೇಳಿಕೊಂಡು ಬಾಯಿಪಾಠ ಮಾಡಿದರು. ನಾನು ಅಲ್ಲೇ ಬಾಗಿಲಲ್ಲಿ ನಿಂತು, ಮೋಡ ನೋಡುತ್ತಾ, ಏನನ್ನೂ ಯೋಚಿಸದೆ ಕೇಳುತ್ತಿದ್ದೆ.

ಮಾರನೆಯ ಬೆಳಿಗ್ಗೆ ಬೆಳ್ಳಮ್ಮ ಬಾಟಲಿಯನ್ನು ಸೀರೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದರು. ಅತ್ತ ಬಸ್ಸು ಹೊರಟ ಮೇಲೆ ಇತ್ತ ಮಾವ ತನ್ನ ಪೂರ್ತಿ ಚಿಕಿತ್ಸೆಯನ್ನು ತನ್ನದೇ ಬಚ್ಚಲಿಗೆ ಕೊಡಲು ಒಳಗೆ ಹೋಗಿ ಚಿಲಕ ಹಾಕಿಕೊಂಡ.

ಅತ್ತೆ ದೋಸೆ ಎರೆಯುತ್ತಿದ್ದಳು. ಎರಡನೆಯ ದೋಸೆ ಮಗುಚುವುದರೊಳಗೆ ಬಚ್ಚಲಿನ ಬಾಗಿಲು ದಡಾರನೆ ತೆರೆಯಿತು. ಮಾವ ಮೊಣಕಾಲ ಮೇಲೆ ತೆವಳುತ್ತ ಹೊರಗೆ ಬಂದ. ಕಣ್ಣು ಕೆಂಪು, ಮೂಗು ಬಾಯಿ ಎಲ್ಲ ನೀರು. ಒಂದು ಕೈಯಲ್ಲಿ ಕುತ್ತಿಗೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಬಚ್ಚಲು ತೋರಿಸುತ್ತಿದ್ದ. ಮಾತು ಬರುತ್ತಿರಲಿಲ್ಲ.

“ಹಾವಾ?” ಎಂದಳು ಅತ್ತೆ.

ಮಾವ ತಲೆ ಅಡ್ಡ ಆಡಿಸಿದ. ಆದರೆ ಅಷ್ಟು ಜೋರಾಗಿ ಕೆಮ್ಮುತ್ತಿದ್ದವನ ತಲೆ ಅಡ್ಡ ಆಡಿದ್ದೋ ಉದ್ದ ಆಡಿದ್ದೋ ಗೊತ್ತಾಗುವಂತಿರಲಿಲ್ಲ. ಹಾವು ಎಂಬ ಸುದ್ದಿ ಕಾಂಪೌಂಡು ಹಾರಿತು. ಓಣಿಯ ಗಂಡಸರು ಕೋಲು ಹಿಡಿದು ಬಂದು ಬಚ್ಚಲಿನ ಬಾಗಿಲಿಗೆ ಮುತ್ತಿಗೆ ಹಾಕಿದರು. ಒಬ್ಬರು ನಾಗರ ಎಂದರು, ಒಬ್ಬರು ಕಾಳಿಂಗ ಎಂದರು, ವಾಸನೆಯಿಂದಲೇ ಹೇಳಬಹುದು ಎಂದು ಇನ್ನೊಬ್ಬರು ಮೂಗು ಮುಂದೆ ಚಾಚಿ ಅಲ್ಲಿಯೇ ಕೆಮ್ಮತೊಡಗಿದರು.

ಆಗ ಎದುರುಮನೆಯ ಮಂಜುನಾಥಪ್ಪನವರು ಬಂದರು. ಅವರು ನಿವೃತ್ತ ಆರೋಗ್ಯ ನಿರೀಕ್ಷಕರು. ನಿವೃತ್ತಿ ಆದದ್ದು ಅವರ ದೇಹಕ್ಕೆ ಮಾತ್ರ. ನಿರೀಕ್ಷಣೆ ಇನ್ನೂ ಚಾಲ್ತಿಯಲ್ಲಿತ್ತು. ಬಂದವರೇ ಕರವಸ್ತ್ರ ಮೂಗಿಗೆ ಹಿಡಿದು, ಎಲ್ಲರನ್ನೂ ರಟ್ಟೆ ಹಿಡಿದು ಅಂಗಳಕ್ಕೆ ನೂಕಿದರು. ಮನೆಯ ಕಿಟಕಿಗಳನ್ನು ಹೊರಗಿನಿಂದಲೇ ತೆಗೆಸಿದರು. ಆಮೇಲೆ ಪಂಚನಾಮೆಯ ದನಿಯಲ್ಲಿ ಕೇಳಿದರು:

“ಬ್ಲೀಚಿಂಗ್ ಪೌಡರಿಗೆ ಆಸಿಡ್ ಹಾಕಿದ್ದು ಯಾರು?”

ಮಾವ ಶಾಲೆಯ ಹುಡುಗನ ಹಾಗೆ ಕೈ ಎತ್ತಿದ.

ಅವೆರಡು ಸೇರಿದರೆ ಕ್ಲೋರಿನ್ ಎಂಬ ವಿಷಗಾಳಿ ಏಳುತ್ತದೆ, ಅದು ಶ್ವಾಸಕೋಶವನ್ನೇ ಸುಡುತ್ತದೆ, ಹಿಂದೆ ಯುದ್ಧದಲ್ಲಿ ಶತ್ರುಗಳ ಮೇಲೆ ಬಿಟ್ಟದ್ದು ಇದನ್ನೇ ಎಂದು ಮಂಜುನಾಥಪ್ಪನವರು ವಿವರಿಸಿದರು. ಬಾಗಿಲು ಹಾಕಿದ ಕೋಣೆಯಲ್ಲಾದರೆ ಗಟ್ಟಿಮುಟ್ಟಾದವನೂ ಉಳಿಯುವುದು ಕಷ್ಟ, ಉಬ್ಬಸದವರ ಮಾತಂತೂ ಹೇಳುವುದೇ ಬೇಡ ಎಂದರು.

“ಎಂಗಳ ಮನೇಲಿ ಯಾವ ಶತ್ರು ಇದ್ದಿದ್ನ?” ಎಂದು ಅತ್ತೆ ಮಾವನನ್ನು ಕೇಳಿದಳು.

ಮಾವ ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಉಬ್ಬಸ ಎಂಬ ಮಾತು ಕೇಳಿದ್ದೇ ಇಬ್ಬರಿಗೂ ಒಂದೇ ಮುಖ ಕಣ್ಣೆದುರು ಬಂದಿತ್ತು. ಸೌಜನ್ಯಾ ನನ್ನ ಜೊತೆ ಓದಿದವಳು. ಚಿಕ್ಕಂದಿನಿಂದ ಅವಳಿಗೆ ಉಬ್ಬಸ. ಓಟದ ಪಂದ್ಯದಲ್ಲಿ ಅವಳ ಉಬ್ಬಸದ ಮದ್ದಿನ ಪಂಪ್ ಹಿಡಿದುಕೊಂಡು ಗೆರೆಯಾಚೆ ನಿಲ್ಲುವುದೇ ನನ್ನ ಪಾಲಿನ ಆಟವಾಗಿತ್ತು. ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿಯ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಸೌಜನ್ಯಾಳ ಜೀವ ಈಗ ಅವಳ ಅಮ್ಮನ ಚೀಲದಲ್ಲಿ, ಹೊಸನಗರದ ಬಸ್ಸಿನಲ್ಲಿ ಕುಲುಕುತ್ತ ಹೋಗುತ್ತಿತ್ತು.

ನಾನು ಸೌಜನ್ಯಾಳಿಗೆ ಫೋನು ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಅವಳ ಗಂಡ ಅಶ್ವಿನ್ ವ್ಯಾಪ್ತಿಯ ಹೊರಗಿದ್ದ. ಬೆಳ್ಳಮ್ಮನಿಗೆ ಮಾಡಿದೆ, ಎತ್ತಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ಫೋನು ಕಸಿದುಕೊಂಡ.

ಈ ಜಾಗದಲ್ಲಿ ಅವನು ‘ಅದು ವಿಷ’ ಎಂದಿದ್ದರೆ ಸಾಕಿತ್ತು. ಆದರೆ ಸುತ್ತಲೂ ಓಣಿಯ ಗಂಡಸರೆಲ್ಲ ಕೋಲು ಹಿಡಿದು ನಿಂತಿದ್ದರು. ಬದುಕಿನಲ್ಲಿ ಒಂದೇ ಒಂದು ಸಲ ಗೆದ್ದ ಮದ್ದು. ಅವನು ಉಳಿದಿದ್ದ ಪಿಸುದನಿಯಲ್ಲಿ ಹೇಳಿದ್ದು ಇಷ್ಟು:

“ಬೆಳ್ಳಮ್ಮ, ಆ ಮದ್ದು ಮುಟ್ಬೇಡಿ. ಅದು ಇನ್ನೂ ಹಣ್ಣಾಗಿಲ್ಲ. ವಾಪಸ್ ಕೊಡಿ.”

“ನಮ್ಮ ಕಲ್ಲಿನ ಮೇಲೆ ಚೆನ್ನಾಗೇ ಹಣ್ಣಾಗಿತ್ತಲ್ಲ ಭಟ್ರೆ,” ಎಂದರು ಬೆಳ್ಳಮ್ಮ. “ಕೊಟ್ಟ ಮೇಲೆ ಹೊಟ್ಟೆ ಉರೀತಾ? ಕಳ್ಳನ ಹಾಗೆ ಪಿಸುಪಿಸು ಅಂತೀರಲ್ಲ.”

ಅಲ್ಲಿಗೆ ಬೆಳ್ಳಮ್ಮನ ಫೋನಿನ ನೆಟ್‌ವರ್ಕ್ ಹೋಯಿತು. ಮತ್ತೆ ಬರಲಿಲ್ಲ.

ಮಂಜುನಾಥಪ್ಪನವರು ಮಾವನನ್ನು ಆಸ್ಪತ್ರೆಗೆ ಒಯ್ಯಲೆಂದು ಕಾರು ತೆಗೆದರು. ಸರ್ಕಲ್ಲಿನಲ್ಲಿ ಮಾವ ಹಿಂದಿನ ಸೀಟಿನಿಂದ ಬಾಗಿ ಸ್ಟೇರಿಂಗಿಗೇ ಕೈ ಹಾಕಿದ. ಮೊದಲು ಆ ಬಾಟಲಿ, ಆಮೇಲೆ ಆಸ್ಪತ್ರೆ. ಕಾರು ಹೊಸನಗರದ ದಾರಿ ಹಿಡಿಯಿತು.

ಇಲ್ಲಿ ಮಂಜುನಾಥಪ್ಪನವರ ಕಾರು ಓಡಿಸುವ ರೀತಿಯ ಬಗ್ಗೆ ಹೇಳಲೇಬೇಕು. ಅವರು ತಿರುವು ಬಂದರೆ ಹಾರ್ನ್ ಮಾಡುತ್ತಾರೆ, ತಿರುವು ಮುಗಿದ ಮೇಲೆ ಮುಗಿಯಿತೆಂದು ಇನ್ನೊಮ್ಮೆ ಮಾಡುತ್ತಾರೆ. ಹಿಂದೆ ಬಂದವರಿಗೆಲ್ಲ ದಾರಿ ಬಿಡುತ್ತಾರೆ. ಒಂದು ಟಿಲ್ಲರ್ ಕೂಡ ನಮ್ಮನ್ನು ದಾಟಿ ಹೋಯಿತು. ನಾನು ಸೌಜನ್ಯಾಳಿಗೆ ‘ಎರಡನ್ನೂ ಬೆರೆಸಬೇಡ’ ಎಂದು ಮೆಸೇಜು ಕಳಿಸಿದೆ. ಒಂದೇ ಟಿಕ್ ಬಿತ್ತು. ಅದನ್ನೇ ನೋಡುತ್ತಾ ಕೂತೆ. ಹಿಂದಿನ ಸೀಟಿನಲ್ಲಿ ಮಾವ ಒಂದು ಉಸಿರು ಎಳೆದು, ಅದರ ಬಾಲಕ್ಕೆ ಕೆಮ್ಮಿ, ಇನ್ನೊಂದು ಎಳೆಯುತ್ತಿದ್ದ.

ಬೆಳ್ಳಮ್ಮನ ತಂಗಿ ಮೂಕಮ್ಮ ಹೊಸನಗರದಲ್ಲಿದ್ದಾರೆ. ಬಸ್ಸು ಬದಲಿಸುವ ಮಧ್ಯೆ ಬೆಳ್ಳಮ್ಮ ಅಲ್ಲಿ ಕಾಫಿ ಕುಡಿಯದೆ ಹೋಗುವವರಲ್ಲ. ನಾವು ಅಲ್ಲಿಗೆ ಮುಟ್ಟುವಾಗ ಅವರು ಕುಡಿದು ಹೋಗಿದ್ದರು. ಹೋಗುವಾಗ ಮದ್ದಿನಲ್ಲಿ ಒಂದು ಚೊಂಬಿನಷ್ಟು ತಂಗಿಗೂ ಸುರಿದು ಕೊಟ್ಟು, ಅನುಪಾನದ ಮಂತ್ರವನ್ನೂ ಉಪದೇಶಿಸಿದ್ದರು. ಒಂದಿದ್ದ ಅಪಾಯ ಎರಡಾಗಿತ್ತು.

ಮೂಕಮ್ಮ ಹೆಸರಿಗೆ ಮಾತ್ರ ಹಾಗೆ. ಬಾಗಿಲಿಗೆ ಅಡ್ಡ ನಿಂತು, ಅಕ್ಕ ಎಲ್ಲ ಹೇಳಿದ್ದಾಳೆ, ಒಮ್ಮೆ ಕೊಟ್ಟದ್ದನ್ನು ಕೇಳಲು ನಾಚಿಕೆ ಆಗಬೇಕು ಎಂದು ಶುರುಮಾಡಿದರು. ಅದು ವಿಷ ಎಂದು ನಾನು ಬಿಡಿಸಿ ಹೇಳಿದೆ.

“ಬೆಳಿಗ್ಗೆ ಹಣ್ಣಾಗಿಲ್ಲ ಅಂದ್ರಂತೆ. ಈಗ ವಿಷ ಆಯ್ತಾ?” ಎಂದರು ಮೂಕಮ್ಮ. “ಕೋಣಂದೂರಿಗೆ ಹೋಗೋಷ್ಟರಲ್ಲಿ ಇನ್ನೇನಾಗತ್ತೋ.”

ಮಂಜುನಾಥಪ್ಪನವರು ತಾಳ್ಮೆ ಕಳೆದುಕೊಂಡರು. ಕಿಸೆಯಿಂದ ತಮ್ಮ ಹಳೆಯ ಇಲಾಖೆಯ ಗುರುತಿನ ಚೀಟಿ ತೆಗೆದು, ಹೆಬ್ಬೆರಳಿನಿಂದ ತಾರೀಖು ಮುಚ್ಚಿ ಹಿಡಿದು, ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಸದರಿ ದ್ರವವನ್ನು ಜಪ್ತಿ ಮಾಡಲಾಗಿದೆ ಎಂದರು. ಮೂಕಮ್ಮನ ಮುಖ ಬಿಳುಚಿತು. ಒಳಗಿನಿಂದ ಚೊಂಬು ತಂದುಕೊಟ್ಟರು. ಅವರ ಮನೆಯಲ್ಲಿ ಆಸಿಡ್ ಇರಲೇ ಇಲ್ಲ, ಬೂದಿ ಹಾಕಿ ತಿಕ್ಕುವವರು. ಚೊಂಬಿನ ಮದ್ದಿಗೆ ಬೇಕಾದಷ್ಟು ನೀರು ಬೆರೆಸಿ ಚರಂಡಿಗೆ ಬಿಟ್ಟು ನಾವು ಗೆದ್ದವರಂತೆ ಕಾರು ಹತ್ತಿದೆವು.

ಕಾರಿನ ಬಾಗಿಲು ಹಾಕುವಾಗ ಒಳಗಿನಿಂದ ಮೂಕಮ್ಮನ ದನಿ ಕೇಳಿತು. ಅವರು ಫೋನಿನಲ್ಲಿದ್ದರು. ಕೋಣಂದೂರಿನ ಮನೆಯಲ್ಲಿ ಹಳೆಯ ಲ್ಯಾಂಡ್‌ಲೈನ್ ಒಂದು ಇದೆ ಎಂಬುದು ನನಗೆ ಆಗ ನೆನಪಾಯಿತು.

“ಅಕ್ಕಾ, ಭಟ್ರು ಸರ್ಕಾರದೋರನ್ನೇ ಕರ್ಕೊಂಡು ಬರ್ತಿದಾರೆ. ಅಷ್ಟು ಒಳ್ಳೆ ಮದ್ದು ಅದು. ಅವ್ರು ಬರೋದ್ರೊಳಗೆ ಬೇಗ ಹಾಕಿ ತೊಳ್ದು ಮುಗಿಸ್ಬಿಡಿ.”

ನಾನು ಇಳಿದು ಓಡಿ ಆ ಫೋನು ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಆ ಕಡೆಯಿಂದ ಇಟ್ಟಾಗಿತ್ತು. ಮತ್ತೆ ಮಾಡಿದರೆ ಯಾರೂ ಎತ್ತಲಿಲ್ಲ. ಎಲ್ಲರೂ ಬಚ್ಚಲಿನ ಕಡೆ ಹೋಗಿರಬೇಕು.

ಅಲ್ಲಿಂದ ಕೋಣಂದೂರಿನವರೆಗೆ ನಾನು ಯಾವ ಕಥೆಯನ್ನೂ ನೆನಪು ಮಾಡಿಕೊಳ್ಳಲಿಲ್ಲ. ಮಂಜುನಾಥಪ್ಪನವರು ಹಾರ್ನ್ ಮಾಡುವುದನ್ನು ಮರೆತರು. ಟಿಲ್ಲರನ್ನು ನಾವು ದಾಟಿದೆವು. ಒಂದು ಬಸ್ಸನ್ನೂ ದಾಟಿದೆವು. ಅದರ ಕಂಡಕ್ಟರ್ ಹೊರಗೆ ತಲೆ ಹಾಕಿ ಅವರ ತಂದೆತಾಯಿಯನ್ನು ನೆನೆದ. ಮಾವ ಮುಂದಿನ ಎರಡೂ ಸೀಟಿನ ನಡುವೆ ಮುಖ ತೂರಿಸಿ, ಗಾಜಿಗೆ ಕಣ್ಣು ನೆಟ್ಟು ಕೂತಿದ್ದ. ಒಂದು ಸಲ ಮಾತ್ರ ನನ್ನ ಭುಜ ಮುಟ್ಟಿ, “ಕೂಸೆ, ಆನೇ ಬಾಗ್ಲು ಹಾಕ್ಕಳಿ ಅಂದಿ ಅಲ್ದಾ?” ಎಂದು ಕೇಳಿದ. ಬಾಗಿಲು ಹಾಕಿಕೊಳ್ಳಿ ಎಂದದ್ದು ಅವನೇ, ಪಕ್ಕದಲ್ಲಿ ನಿಂತು ಕೇಳಿದ್ದು ನಾನು.

ಸೌಜನ್ಯಾಳ ಮನೆ ಪೇಟೆಯ ಬದಿಯಲ್ಲಿ, ರಸ್ತೆಗೆ ತಾಗಿಕೊಂಡಿದೆ. ಅವಳ ಗಂಡನ ತಂದೆ ಹೂವಯ್ಯನವರು ಜಗುಲಿಯಲ್ಲಿ ಕೂತಿದ್ದರು. ಬಂದವರಿಗೆ ಬಾಯಾರಿಕೆಗೆ ಏನು ಬೇಕೆಂದು ಕೇಳುವುದೋ ಸರ್ಕಾರಕ್ಕೆ ಕೈಮುಗಿಯುವುದೋ ತಿಳಿಯದೆ ಎರಡನ್ನೂ ಮಾಡಿದರು. ನಾವು ಒಳಗೆ ನುಗ್ಗಿದೆವು. ಹೊಸದಾಗಿ ಕಟ್ಟಿಸಿದ ಬಚ್ಚಲು, ಬಾಗಿಲು ಮುಚ್ಚಿತ್ತು. ಬೆಳ್ಳಮ್ಮ ಪೊರಕೆ ಅಡ್ಡ ಹಿಡಿದು ಎದುರಿಗೆ ನಿಂತಿದ್ದರು. ಒಳಗೆ ತಿಕ್ಕುವ ಸದ್ದು, ಸಣ್ಣಗೆ ಕೆಮ್ಮು.

ನಾನು, “ಸೌಜಿ, ಆಸಿಡ್ ಹಾಕ್ಬೇಡ, ಹೊರಗೆ ಬಾ,” ಎಂದು ಕೂಗಿದೆ. ಒಳಗೆ ನಲ್ಲಿ ಜೋರಾಗಿ ಬಿಟ್ಟಿದ್ದಳು. ಕೇಳಿಸಲಿಲ್ಲ. ಬೆಳ್ಳಮ್ಮ ಪೊರಕೆಯನ್ನು ನನ್ನ ಎದೆಗೆ ಒತ್ತಿ ಹಿಡಿದರು. ಮಂಜುನಾಥಪ್ಪನವರು ಗುರುತಿನ ಚೀಟಿ ತೆಗೆದರು. ಪೊರಕೆ ಅದಕ್ಕೂ ಹೆದರಲಿಲ್ಲ.

ಮಾವ ಮುಂದೆ ಬಂದ. “ವಿಷ ಬೆಳ್ಳಮ್ಮ. ನಿಜಕ್ಕೂ ವಿಷ.”

“ನಿಮ್ಮ ಮದ್ದನ್ನ ನೀವೇ ವಿಷ ಅಂತೀರಾ? ಯಾರಿಗೆ ಹೇಳ್ತೀರಿ ಭಟ್ರೆ. ಅಂಗೈಯಷ್ಟು ಕಲೆ ಉಳ್ದಿದೆ, ಅನುಪಾನ ಒಂದು ಬಾಕಿ. ಮುಗೀಲಿ, ಬಾಟ್ಲಿ ತಗೊಂಡು ಹೋಗಿ.”

ಮಾವ ಗೋಡೆ ಹಿಡಿದುಕೊಂಡ. ಅವನಲ್ಲಿ ಉಳಿದಿದ್ದ ದನಿ ಒಂದೆರಡು ವಾಕ್ಯಕ್ಕೆ ಸಾಲುವಷ್ಟಿತ್ತು. ಅದನ್ನು ಏನಕ್ಕೆ ಖರ್ಚು ಮಾಡುವುದೆಂದು ಯೋಚಿಸುವವನಂತೆ ಒಂದು ಕ್ಷಣ ಕಣ್ಣು ಮುಚ್ಚಿದ.

“ಬೆಳ್ಳಮ್ಮ,” ಎಂದ. “ನಾ ಕೊಟ್ಟ ಒಂದು ಕಷಾಯನೂ ಇವತ್ತಿನವರೆಗೆ ಯಾರಿಗೂ ನಾಟಿಲ್ಲ. ನೀವೆಲ್ಲ ಹಿತ್ತಲಿಗೆ ಚೆಲ್ತೀರಿ. ನಂಗೆ ಗೊತ್ತು. ಗೊತ್ತಿದ್ದೂ ಕೊಡ್ತಿದ್ದೆ. ನಂಗೆ ವೈದ್ಯ ಬರೋದಿಲ್ಲ.”

ವಿಷ, ಸರ್ಕಾರ, ಜಪ್ತಿ, ಯಾವುದನ್ನೂ ನಂಬದ ಬೆಳ್ಳಮ್ಮ ಇದನ್ನು ತಕ್ಷಣ ನಂಬಿದರು. ಶ್ರೀಕರ ಭಟ್ಟರ ಬಾಯಿಂದ ಈ ಮಾತು ಬರಬೇಕಾದರೆ ಯಾರದ್ದೋ ಜೀವ ಹೋಗುತ್ತಿರಬೇಕು ಎಂದು ಅವರಿಗೆ ಹೊಳೆದಿರಬೇಕು. ಪೊರಕೆ ಕೈಜಾರಿತು. ಅವರು ತಿರುಗಿ, ಎರಡೂ ಅಂಗೈಯಿಂದ, ಆಮೇಲೆ ಭುಜದಿಂದ ಬಾಗಿಲು ಬಡಿದರು. ಚಿಲಕ ಕಿತ್ತು ಬಂತು.

ಸೌಜನ್ಯಾ ಮೂಲೆಯಲ್ಲಿ ಕುಕ್ಕರಗಾಲಲ್ಲಿದ್ದಳು. ಆಸಿಡ್ ಬಾಟಲಿಯ ಮುಚ್ಚಳ ತೆಗೆದಿತ್ತು, ಒಂದು ಧಾರೆ ಆಗಲೇ ಬಿದ್ದಿತ್ತು. ಆ ಜಾಗದಿಂದ ತಿಳಿಹಳದಿ ಹೊಗೆಯೊಂದು ನೆಲ ಹಿಡಿದು ಮೇಲೇಳುತ್ತಿತ್ತು. ಅವಳು ನಮ್ಮ ಕಡೆ ಮುಖ ಎತ್ತಿ ಏನೋ ಹೇಳಲು ಹೋದಳು, ಉಸಿರು ಸಿಗಲಿಲ್ಲ. ಮಾವ ಉಸಿರು ಬಿಗಿಹಿಡಿದು, ಹೆಗಲ ಮೇಲಿದ್ದ ಟವಲ್ ಅವಳ ಮುಖಕ್ಕೆ ಒತ್ತಿ, ರಟ್ಟೆ ಹಿಡಿದು ಎಳೆದುಕೊಂಡು ಜಗುಲಿ ದಾಟಿ ಬಯಲಿಗೆ ತಂದ. ಮಂಜುನಾಥಪ್ಪನವರು ಮನೆಯವರನ್ನೆಲ್ಲ ಹೊರಗೆ ಹಾಕಿದರು.

ಸೌಜನ್ಯಾಳ ಎದೆಯಲ್ಲಿ ಸಿಳ್ಳೆ ಹೊಡೆದ ಹಾಗೆ ಸದ್ದು. ಅವಳ ಸೊಂಟಕ್ಕೆ ಸಿಕ್ಕಿಸಿದ್ದ ಪಂಪ್ ತೆಗೆದು ಎರಡು ಸಲ ಒತ್ತಿದೆ. ಸದ್ದು ಸಣ್ಣದಾಗಲಿಲ್ಲ. ತುಟಿಯ ಬಣ್ಣ ಬೇರೆಯಾಗಿತ್ತು. ಬೆಳ್ಳಮ್ಮ ಅವಳ ಬೆನ್ನು ಸವರುತ್ತಾ ಏನೇನೋ ದೇವರ ಹೆಸರು ಹೇಳುತ್ತಿದ್ದರು. ಅಂಥಾ ಹೊತ್ತಿನಲ್ಲಿ ಹೂವಯ್ಯನವರು, ಪಾಪ, ಏನೂ ತಿಳಿಯದ ಮನುಷ್ಯ, ಮರ್ಯಾದೆಯಿಂದ ಮಾವನ ಹತ್ತಿರ ಬಂದು, ವೈದ್ಯರು ಅಂತ ಕೇಳಿದ್ದೆ, ಇದಕ್ಕೆ ಏನಾದರೂ ಕಷಾಯ ಉಂಟಾ ಎಂದು ಕೇಳಿದರು.

ನಾವೆಲ್ಲ ಮಾವನನ್ನು ನೋಡಿದೆವು. ಶುಂಠಿ, ಹಿಪ್ಪಲಿ, ಜ್ಯೇಷ್ಠಮಧು ಎಲ್ಲ ನಾಲಿಗೆಯ ತುದಿಗೆ ಬಂದು ಸಾಲು ನಿಂತದ್ದು ಹೊರಗಿನಿಂದಲೇ ಕಾಣುತ್ತಿತ್ತು.

ಅವನು ಕಾರಿನ ಬಾಗಿಲು ತೆಗೆದು ಹಿಡಿದ.

ಕಾರು ತೀರ್ಥಹಳ್ಳಿಯ ಆಸ್ಪತ್ರೆಯ ಕಡೆ ಓಡಿತು. ಎಲ್ಲರೂ ಒಂದೇ ಸಿಳ್ಳೆಯನ್ನು ಕೇಳುತ್ತಿದ್ದೆವು. ಅದು ನಿಂತರೆ ಎಂಬ ಭಯ, ನಿಲ್ಲಲಿ ಎಂಬ ಆಸೆ. ಡಾಕ್ಟರು ಅವಳನ್ನು ಒಳಗೆ ಕರೆದೊಯ್ದು ಬಾಗಿಲು ಎಳೆದುಕೊಂಡರು. ಬೆಳ್ಳಮ್ಮ ಬೆಂಚಿನ ಮೇಲೆ ಕೂರಲೂ ಇಲ್ಲ, ನಿಲ್ಲಲೂ ಇಲ್ಲ. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಗೆ ಬಂದು, ಉಸಿರಾಟ ಹಿಡಿತಕ್ಕೆ ಬಂದಿದೆ, ಇನ್ನೊಂದು ಸ್ವಲ್ಪ ಹೊತ್ತು ಒಳಗಿದ್ದಿದ್ದರೆ ಅಥವಾ ಮನೆಮದ್ದು ಮಾಡುತ್ತಾ ಕೂತಿದ್ದರೆ ತಮ್ಮಿಂದ ಏನೂ ಮಾಡಲಾಗುತ್ತಿರಲಿಲ್ಲ ಎಂದರು. ನೇರ ಇಲ್ಲಿಗೆ ತರಬೇಕು ಅಂತ ಹೇಳಿದವರು ಯಾರು ಎಂದು ಕೇಳಿದರು.

ಬೆಳ್ಳಮ್ಮ ಮಾವನನ್ನು ಒಮ್ಮೆ ನೋಡಿದರು. ಆ ನೋಟದಲ್ಲಿ ಬೈಗುಳ ಸಾಕಷ್ಟಿತ್ತು; ಅವನ್ನು ಊರಿಗೆ ಹೋದ ಮೇಲೆ ನಿಧಾನವಾಗಿ ಕೊಡುವುದೆಂದು ಎತ್ತಿಟ್ಟಂತೆ ಕಂಡಿತು.

“ನಮ್ಮ ಭಟ್ರು,” ಎಂದರು.

ಮಾವ ವಿನಯದಿಂದ ಏನೋ ಹೇಳಲು ಬಾಯಿ ತೆರೆದ. ಬಂದದ್ದು ಕೆಮ್ಮು. ಡಾಕ್ಟರು ಅವನ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ತೋಳು ಹಿಡಿದು ಸೌಜನ್ಯಾಳ ಪಕ್ಕದ ಮಂಚಕ್ಕೆ ಕಳಿಸಿದರು. ಇಬ್ಬರ ಮುಖಕ್ಕೂ ಒಂದೇ ಥರದ ಮುಖವಾಡ, ಒಂದೇ ಥರದ ನಳಿಗೆ. ಸೌಜನ್ಯಾ ಅವನ ಕಡೆ ತಿರುಗಿ, ಮಾತಾಡಲಾಗದೆ, ಬೆರಳು ತೋರಿಸಿ ಹೆದರಿಸಿದಳು. ಮಾವ ಮಂಚದಲ್ಲೇ ಕಿವಿ ಹಿಡಿದುಕೊಂಡ.

ಸಂಜೆ ಅತ್ತೆಯ ಫೋನು ಬಂತು. ನಾನು ಅದನ್ನು ಮಾವನ ಕಿವಿಗೆ ಹಿಡಿದೆ. ಅತ್ತೆ ಅಳು ಮುಗಿಸಿ, ಬೈದು, ಮತ್ತೆ ಅತ್ತು, ಕೊನೆಗೆ ಅಷ್ಟು ದೊಡ್ಡ ಆಸ್ಪತ್ರೆಯಲ್ಲಿ ಎಂತ ಮದ್ದು ಕೊಟ್ಟಿದಾರೆ ಎಂದು ಕೇಳಿದಳು.

ಮಾವ ಮುಖವಾಡವನ್ನು ಒಂದು ಬೆರಳಿನಿಂದ ಎತ್ತಿದ.

“ಗಾಳಿ,” ಎಂದ. “ಬರೀ ಗಾಳಿ. ಎಂತೂ ಬೆರಕೆ ಇಲ್ಲೆ.”